ಎಡದಿಂದ ನಾಲ್ಕನೇ ತಾಯಿ

ಮುಖ ಗಂಟು ಹಾಕಿಕೊಂಡು ಕೂರುವುದಕ್ಕೂ ಸಂಬಳ ಕೊಡುತ್ತಾರೆ ಎಂದರೆ ಒಲೀಟಾ ನಂಬಲಿಲ್ಲ. ಸೋಮವಾರ ಬೆಳಿಗ್ಗೆ, ಬೇಲಿಯ ಆ ಕಡೆ ಗಂಡನ ಅಂಗಿಗಳನ್ನು ತಂತಿಗೆ ಹಾಕುತ್ತಿದ್ದಳು. ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ ನಕ್ಕಳು.

"ಸುಮ್ನೆ ಕೂತ್ಕೊಂಡು ಗಂಟುಮುಖ ಮಾಡೋದಕ್ಕೆ ದುಡ್ಡಾ, ಬರ್ನಿ? ಹಾಗಾದ್ರೆ ನಮ್ಮತ್ತೆ ಇಷ್ಟೊತ್ತಿಗೆ ಬೆವರ್ಲಿ ಹಿಲ್ಸಲ್ಲಿ ಬಂಗಲೆ ಕಟ್ಟಿಸಿರ್ಬೇಕಿತ್ತು."

"ನಿಮ್ಮತ್ತೇನ ಕರ್ಕೊಂಡು ಹೋದ್ರೆ ಕ್ಯಾಮೆರಾ ಒಡೆದುಹೋಗುತ್ತೆ. ನೀನು ಬಾ."

ನನ್ನ ಗಂಡ ಬಿಟ್ಟುಹೋದಾಗಿನಿಂದ ನಾನು ಬರ್ಬ್ಯಾಂಕಿನ ಸಿನಿಮಾ ಸ್ಟುಡಿಯೊಗಳಲ್ಲಿ ಗುಂಪಿನೊಳಗಿನ ಒಬ್ಬಳಾಗಿ ನಿಂತು ಹೊಟ್ಟೆ ಹೊರೆಯುತ್ತಿದ್ದೆ. ರೈಲು ನಿಲ್ದಾಣದಲ್ಲಿ ಕೈಚೀಲ ಹಿಡಿದವಳು, ಅಂತ್ಯಕ್ರಿಯೆಯಲ್ಲಿ ಕಣ್ಣೊರೆಸಿಕೊಳ್ಳುವವಳು, ಹೀಗೆ. ಆ ವರ್ಷ, ಸಾವಿರದ ಒಂಬೈನೂರ ಐವತ್ತಾರರಲ್ಲಿ, ಎಲ್ಲ ಸ್ಟುಡಿಯೊಗಳಿಗೂ ರಾಕ್ ಅಂಡ್ ರೋಲ್ ಹುಚ್ಚು ಹಿಡಿದಿತ್ತು. ಕಥೆ ಎಲ್ಲದರಲ್ಲೂ ಒಂದೇ. ಊರಿನ ಹುಡುಗ ಹುಡುಗಿಯರಿಗೆ ಕುಣಿಯಬೇಕು, ಹಿರಿಯರು ಕೂಡದು ಅನ್ನುತ್ತಾರೆ, ನಡುವೆ ಬ್ಯಾಂಡುಗಳು ಬಂದು ಬಾರಿಸಿ ಹೋಗುತ್ತವೆ, ಕೊನೆಗೆ ಹಿರಿಯರೂ ಎದ್ದು ಕುಣಿಯುತ್ತಾರೆ. ಕುಣಿಯುವ ಮಕ್ಕಳು ಬೇಕಾದಷ್ಟು ಸಿಗುತ್ತಿದ್ದರು. ಸಿಗದೆ ಇದ್ದವರು, ಗೋಡೆಯುದ್ದಕ್ಕೂ ಕುರ್ಚಿ ಹಾಕಿಕೊಂಡು ಕೂತು ಅವರನ್ನು ನೋಡಿ ಹುಬ್ಬು ಗಂಟಿಕ್ಕುವ ತಾಯಂದಿರು. ಬಟ್ಟೆ ನಮ್ಮದೇ ಆಗಬೇಕು, ಚರ್ಚಿಗೆ ಹಾಕಿಕೊಂಡು ಹೋಗುವಂಥದು.

ಒಲೀಟಾ ಕ್ರಾಬ್‌ಟ್ರೀಗೆ ಗಂಟುಮುಖ ಒಗ್ಗುತ್ತದೆಯೇ ಎಂಬ ಅನುಮಾನ ನನಗೂ ಇತ್ತು. ಓಕ್ಲಹೋಮದಿಂದ ಅಪ್ಪನ ಲಾರಿಯಲ್ಲಿ ಹಾಸಿಗೆ, ಕೋಳಿಗಳ ಜೊತೆ ಕೂತು ಬಂದ ಹುಡುಗಿ ಅವಳು. ಬಟಾಣಿ ಬಿಡಿಸಿ, ಹತ್ತಿ ಬಿಡಿಸಿ ದೊಡ್ಡವಳಾದಳು. ಯುದ್ಧದ ಕಾಲದಲ್ಲಿ ವಿಮಾನ ಕಾರ್ಖಾನೆಯಲ್ಲಿ ರೆಕ್ಕೆಗಳಿಗೆ ರಿವೆಟ್ ಹೊಡೆಯುತ್ತಿದ್ದಳು. ಪಾಳಿ ಮುಗಿದರೆ ಎಣ್ಣೆಗಲೆಯ ಪ್ಯಾಂಟಿನಲ್ಲೇ ಡಾನ್ಸ್ ಹಾಲಿಗೆ ಓಡುತ್ತಿದ್ದಳು. ನಾನು ಅವಳನ್ನು ಮೊದಲು ಕಂಡದ್ದು ಅಲ್ಲಿಯೇ. ಅವಳು ಕುಣಿಯುವಾಗ ಉಳಿದವರು ಜಾಗ ಬಿಟ್ಟು ನಿಲ್ಲುತ್ತಿದ್ದರು. ಆಮೇಲೆ ಯುದ್ಧ ಮುಗಿಯಿತು. ಕಾರ್ಖಾನೆಯವರು ಹೆಂಗಸರಿಗೆಲ್ಲ ಕೈಕುಲುಕಿ ಮನೆಗೆ ಕಳಿಸಿದರು. ಅವಳು ನಿಂತಿದ್ದ ಜಾಗಕ್ಕೆ ಸೈನ್ಯದಿಂದ ಬಂದ ವರ್ಲನ್ ಸೇರಿಕೊಂಡ. ಅವನನ್ನೇ ಮದುವೆಯಾದಳು, ಮಗಳು ರೀಥಾ ಹುಟ್ಟಿದಳು. ವರ್ಲನ್ ಜೊತೆ ಅವನ ತಾಯಿ ಡೆಲ್ಫಾ ಕೂಡ ಬಂದರು.

ಡೆಲ್ಫಾ ಅವರ ಚರ್ಚಿನಲ್ಲಿ ಸಿನಿಮಾ ಪಾಪ, ತುಟಿಬಣ್ಣ ಪಾಪ, ಇಸ್ಪೀಟು ಪಾಪ. ಕುಣಿತವಂತೂ ಕೇಳಲೇಬೇಡಿ. ಭಾನುವಾರ ದೇವರು ಮೈಮೇಲೆ ಬಂದಾಗ ಆಕೆಯೇ ಬೆಂಚುಗಳ ನಡುವೆ ಎರಡು ಸುತ್ತು ಹಾಕುತ್ತಿದ್ದರು, ಅದು ಬೇರೆ ಮಾತು.

ಹೀಗಾಗಿ ಒಲೀಟಾಳ ಕುಣಿತ ಅಡುಗೆಮನೆಯ ಸಿಂಕಿನ ಮುಂದಕ್ಕೆ ಸರಿಯಿತು. ಸಣ್ಣದಾಗಿ ರೇಡಿಯೊ ಹಾಕಿಕೊಂಡು ಪಾತ್ರೆ ತೊಳೆಯುತ್ತಿದ್ದಳು. ಸೊಂಟದಿಂದ ಮೇಲೆ ಕೆಲಸ, ಸೊಂಟದಿಂದ ಕೆಳಗೆ ಕುಣಿತ. ಅವರ ಹಿಂಬಾಗಿಲು ತೆರೆದಿದ್ದರೆ ನನ್ನ ಅಂಗಳಕ್ಕೆ ಕಾಣುತ್ತಿತ್ತು. ಅತ್ತೆಯ ಚಪ್ಪಲಿ ಸದ್ದು ಕೇಳಿದರೆ ಕಾಲು ನಿಲ್ಲುತ್ತಿತ್ತು, ಕೈ ನಿಲ್ಲುತ್ತಿರಲಿಲ್ಲ. ಆ ಮನೆಯಲ್ಲಿ ಅವಳ ಕೈ ಸುಮ್ಮನಿದ್ದುದನ್ನು ನಾನು ಕಂಡಿಲ್ಲ.

ಅವತ್ತು ಸಂಜೆ, ಅವಳನ್ನು ನನ್ನ ಜೊತೆ ಕಳಿಸಿ ಎಂದು ಕೇಳುವುದಕ್ಕೆ ನಾನೇ ಹೋದೆ. ವರ್ಲನ್ ಪೇಪರು ಓದುತ್ತಿದ್ದ. ಪೇಪರಿನ ಹಿಂದಿನಿಂದಲೇ ಕೇಳಿದ:

"ಊಟ?"

"ಎರಡು ದಿನಕ್ಕಾಗೋಷ್ಟು ಬೀನ್ಸು ಬೇಯಿಸಿಟ್ಟಿರ್ತೀನಿ, ಮೆಕ್ಕೆಜೋಳದ ಬ್ರೆಡ್ಡು ಸುಟ್ಟಿಟ್ಟಿರ್ತೀನಿ," ಎಂದಳು ಒಲೀಟಾ. "ನಿನ್ನ ಅಂಗಿ ಶುಕ್ರವಾರದವರೆಗೂ ಇಸ್ತ್ರಿ ಆಗಿದೆ. ರೀಥಾ ಸ್ಕೂಲಿನ ಡಬ್ಬಿ ಕಟ್ಟಿಟ್ಟು ಹೋಗ್ತೀನಿ."

"ಹಾಗಾದ್ರೆ ಸರಿ," ಎಂದಿತು ಪೇಪರು.

ಡೆಲ್ಫಾ ಅಷ್ಟು ಸುಲಭಕ್ಕೆ ಬಿಡಲಿಲ್ಲ. "ಸೈತಾನನ ಸಂಗೀತದ ಸಿನಿಮಾ ಅಂತಲ್ಲೇ ಅದು?"

"ಹೌದು ಅತ್ತೆ. ಆದ್ರೆ ನಾನು ಅದನ್ನ ವಿರೋಧಿಸೋಳು. ಮಕ್ಕಳು ಕುಣಿಯೋದನ್ನ ನೋಡಿ ಅಸಹ್ಯ ಪಟ್ಕೊಂಡು ಕೂತಿರ್ಬೇಕು, ಅಷ್ಟೇ."

ಮುದುಕಿಯ ಮುಖ ಅರಳಿತು. "ನಿನಗದು ಬರುತ್ತಾ? ನೋಡು, ತುಟಿ ಹೀಗಿರ್ಬೇಕು." ತುಟಿಯನ್ನು ಚೀಲದ ಬಾಯಿಯಂತೆ ಬಿಗಿಹಿಡಿದು ತೋರಿಸಿದರು. "ಕಣ್ಣು ಮಿಟುಕಿಸ್ಬೇಡ. ಮಿಟುಕಿಸಿದ್ರೆ ಕ್ಷಮಿಸಿಬಿಟ್ಟೆ ಅಂದ್ಕೊಳ್ತಾರೆ."

ಮಂಗಳವಾರ ಬೆಳಿಗ್ಗೆ ಒಲೀಟಾ ತನ್ನ ತಿಳಿಹಳದಿ ಗೌನು ಹಾಕಿಕೊಂಡು ನನ್ನ ಕಾರು ಹತ್ತಿದಳು. ಅವಳಿಗೆ ಇದ್ದ ಒಂದೇ ಒಳ್ಳೆಯ ಗೌನು ಅದು.

ಸ್ಟುಡಿಯೊದೊಳಗೆ ಒಂದು ಹೈಸ್ಕೂಲಿನ ಒಳಾಂಗಣ ಆಟದ ಹಾಲಿನ ಸೆಟ್ಟು ಹಾಕಿದ್ದರು. ಬಣ್ಣದ ಕಾಗದದ ಸರ, ಶರಬತ್ತಿನ ಮೇಜು, ವೇದಿಕೆಯ ಮೇಲೆ ಬ್ಯಾಂಡು. ಸಹಾಯಕ ನಿರ್ದೇಶಕ ಪ್ರೂಯಿಟ್ ನಮ್ಮನ್ನು ಗೋಡೆಯುದ್ದಕ್ಕೂ ಕೂರಿಸಿದ. ಅವನ ಕೈಯಲ್ಲಿ ದನಿ ದೊಡ್ಡದು ಮಾಡುವ ಒಂದು ತುತ್ತೂರಿ, ಎರಡು ಅಡಿ ದೂರದಲ್ಲಿದ್ದವರಿಗೂ ಅದರಲ್ಲೇ ಕೂಗುತ್ತಿದ್ದ.

ಬ್ಯಾಂಡಿನವರು ಸೆಂಟ್ರಲ್ ಅವೆನ್ಯೂ ಕಡೆಯ ಕರಿಯ ಹುಡುಗರು. ಹಾಡು ಮೊದಲೇ ಧ್ವನಿಮುದ್ರಣವಾಗಿತ್ತು. ಇಲ್ಲಿ ಲೌಡ್‌ಸ್ಪೀಕರಿನಲ್ಲಿ ಅದನ್ನು ಹಾಕುತ್ತಿದ್ದರು, ಇವರು ಬಾರಿಸಿದ ಹಾಗೆ ಮಾಡಬೇಕಿತ್ತು. ಡ್ರಮ್ಮಿನ ಮೇಲೆ ಸದ್ದಾಗದಂತೆ ರಬ್ಬರು ಹಾಸಿದ್ದರು. ಕುಣಿಯುವ ಮಕ್ಕಳೆಲ್ಲ ಬಿಳಿಯರು. ಮಧ್ಯಾಹ್ನದ ಊಟಕ್ಕೆ ಬ್ಯಾಂಡಿನವರ ಮೇಜು ಬೇರೆ. ಯಾರೂ ಹಾಗೆಂದು ಬೋರ್ಡು ಹಾಕಿರಲಿಲ್ಲ, ಆದರೂ ಬೇರೆ.

ಲೌಡ್‌ಸ್ಪೀಕರು ಶುರುವಾಯಿತು. ಆ ಹಾಡನ್ನು ನಾನು ಮೊದಲು ಕೇಳಿದ್ದು ಆಗಲೇ. ಡ್ರಮ್ಮಿನ ಪೆಟ್ಟು ನೆಲದಿಂದ ಕುರ್ಚಿಗೆ, ಕುರ್ಚಿಯಿಂದ ಬೆನ್ನಿಗೆ ಹತ್ತಿತು. ಮಕ್ಕಳು ಎಗರಿದರು. ನಾನು ತುಟಿ ಬಿಗಿಹಿಡಿದು ಕೂತೆ.

"ಕಟ್! ಎಡದಿಂದ ನಾಲ್ಕನೇ ತಾಯಿ! ಕಾಲು!"

ನಾಲ್ಕನೆಯವಳು ಒಲೀಟಾ. ಕೆಳಗೆ ನೋಡಿಕೊಂಡಳು. ಅವಳ ಬಲಗಾಲು ಬೇರೆ ಯಾರದ್ದೋ ಎಂಬಂತೆ ತಾಳ ಹಾಕುತ್ತಿತ್ತು.

ಮತ್ತೆ ಶುರುವಾಯಿತು. ಮತ್ತೆ ತುತ್ತೂರಿ. "ನಾಲ್ಕನೇ ತಾಯಿ! ಈಗ ಎಡಗಾಲು!"

ಮೂರನೆಯ ಸಲ ಎರಡು ಪಾದಗಳನ್ನೂ ಕುರ್ಚಿಯ ಕಾಲಿಗೆ ಸಿಕ್ಕಿಸಿಕೊಂಡು ಕೂತಳು. ವೇದಿಕೆಯ ಮೇಲಿನ ಡ್ರಮ್ಮಿನವನು ಅವಳ ಕಡೆ ನೋಡಿ ನಕ್ಕ. ಬಿಡುವಿನಲ್ಲಿ ನೀರು ಕುಡಿಯಲು ಬಂದವನು ಹೇಳಿದ:

"ಕಷ್ಟ ಅಲ್ವಾ ಅಕ್ಕಾ? ನನ್ನ ಪಾಡೂ ಅದೇ. ಹೊಡೀದೇ ಇರೋದಕ್ಕೆ ಸಂಬಳ ಕೊಡ್ತಿದಾರೆ."

"ನಿನಗಾದ್ರೂ ಕೈ ಆಡಿಸೋಕೆ ಬಿಟ್ಟಿದಾರಲ್ಲಪ್ಪ," ಎಂದಳು ಒಲೀಟಾ.

ಮಧ್ಯಾಹ್ನ ತಮಾಷೆಯ ದೃಶ್ಯ. ಹೆಡ್‌ಮಾಸ್ತರನ ಪಾತ್ರ ಚೆಸ್ಟರ್ ಎಂಬ ಉದ್ದಕಾಲಿನ ನಟನದು. ಅವನು ಶರಬತ್ತಿನ ಲೋಟ ಹಿಡಿದುಕೊಂಡು ಬರುವಾಗ ಕುಣಿಯುವ ಹುಡುಗ ಡಿಕ್ಕಿ ಹೊಡೆಯಬೇಕು, ಶರಬತ್ತು ನೆಲಕ್ಕೆ ಬೀಳಬೇಕು. ಆದರೆ ಹುಡುಗ ಜೋರಾಗಿ ಗುದ್ದಿದ. ಕೆಂಪು ಚೆರ್ರಿ ಶರಬತ್ತು ಪೂರ್ತಿ ಒಲೀಟಾಳ ಮಡಿಲಿಗೆ ಬಿತ್ತು. ಅವಳು ಕಿರುಚಲಿಲ್ಲ, ಏಳಲಿಲ್ಲ. ಚೆಸ್ಟರನನ್ನು ನೋಡಿದಳು. ಒರೆಸಿದ ನೆಲದ ಮೇಲೆ ಕೆಸರುಕಾಲಲ್ಲಿ ನಡೆದುಬಂದ ಗಂಡನನ್ನು ನೋಡುವ ಹಾಗೆ ನೋಡಿದಳು. ಅದಕ್ಕೆ ಅಭಿನಯವೇ ಬೇಕಿರಲಿಲ್ಲ.

ನಿರ್ದೇಶಕ ಹ್ಯಾಸ್ಕೆಲ್ ಮಾತು ಕಮ್ಮಿಯ ಮುದುಕ. ಮೂಲೆಯಲ್ಲಿ ಕೂತಿದ್ದವನು ಗಹಗಹಿಸಿ ನಕ್ಕ. "ಇದೇ ಇರಲಿ. ಹತ್ತಿರದಿಂದ ಇನ್ನೊಂದು ತಗೊಳ್ಳಿ," ಎಂದ. ಪ್ರೂಯಿಟ್ ಹತ್ತಿರ ಏನೋ ಪಿಸುಗುಟ್ಟಿದ. ತುತ್ತೂರಿ ನಮ್ಮ ಕಡೆ ತಿರುಗಿತು.

"ನಾಳೆ ಕೊನೇ ಹಾಡು. ಹೆಡ್‌ಮಾಸ್ತರ ಜೊತೆ ಮೊದಲು ಎದ್ದು ಕುಣಿಯೋದು ಶರಬತ್ತಿನ ಕಲೆ ಆದ ತಾಯಿ. ಕುಣಿಯೋಕೆ ಬರುತ್ತೇನಮ್ಮಾ?"

"ಬರುತ್ತೆ," ಎಂದಳು ಒಲೀಟಾ. ಅವಳ ದನಿ ಅಷ್ಟು ಸಣ್ಣದಾಗಿದ್ದುದನ್ನು ನಾನು ಕೇಳಿರಲಿಲ್ಲ.

ಹೊರಡುವಾಗ ಬಟ್ಟೆ ವಿಭಾಗದ ಐನೆಜ್ ಬಾಗಿಲಲ್ಲಿ ನಿಂತು ಎಲ್ಲರಿಗೂ ಹೇಳಿದಳು: "ಕಥೇಲಿ ಇನ್ನೂ ಅದೇ ಸಂಜೆ. ನಾಳೆ ಇವತ್ತು ಹೇಗಿದ್ದೀರೋ ಹಾಗೇ ಬನ್ನಿ. ಅದೇ ಬಟ್ಟೆ, ಅದೇ ತಲೆ, ಅದೇ ಓಲೆ."

ಕಾರಿನಲ್ಲಿ ಒಲೀಟಾ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿದ್ದಳು. ಮನೆ ಹತ್ತಿರ ಬಂದಾಗ ಹೇಳಿದಳು: "ಒಂದ್ಸಲ, ಬರ್ನಿ. ದೀಪದ ಬೆಳಕಲ್ಲಿ, ನಾಲ್ಕು ಜನರ ಮುಂದೆ, ಪೂರ್ತಿ ಮೈಯಲ್ಲಿ. ಅಷ್ಟೇ ಸಾಕು ನಂಗೆ. ಆಮೇಲೆ ಬೇಕಾದ್ರೆ ಬದುಕಿಡೀ ಪಾತ್ರೆ ತೊಳೀತೀನಿ."

ಬುಧವಾರ ಬೆಳಿಗ್ಗೆ ಅವಳು ಕಾರಿನತ್ತ ಬಂದಳು. ಗೌನು ಹೊಸದರ ಹಾಗೆ ಹೊಳೆಯುತ್ತಿತ್ತು.

"ಒಲೀಟಾ! ಕಲೆ ಎಲ್ಲೇ?"

"ಹೋಯ್ತು!" ಎಂದಳು ಹೆಮ್ಮೆಯಿಂದ. "ಚೆರ್ರಿ ಕಲೆ ಕಣೇ, ಸುಲಭಕ್ಕೆ ಹೋಗಲ್ಲ. ಬಟ್ಟೇನ ಬಿಗಿಯಾಗಿ ಹಿಡಿದು ಮೇಲಿಂದ ಕುದಿಯೋ ನೀರು..." ಅಲ್ಲಿಗೆ ನಿಂತಳು. ಗೌನು ನೋಡಿಕೊಂಡಳು. "ಅಯ್ಯೋ ದೇವರೇ."

"ಹೇಗಿದ್ದೀರೋ ಹಾಗೇ ಬನ್ನಿ ಅಂದ್ರಲ್ಲೇ ಮಾರಾಯ್ತಿ!"

"ಕೇಳಿಸ್ಕೊಂಡೆ. ಅದೇ ಬಟ್ಟೆ, ಅದೇ ತಲೆ. ಓಲೇನೂ ಅದೇ, ನೋಡು. ಕಲೇನೂ ಹಾಗೇ ಇಡು ಅಂತ ಯಾರಾದ್ರೂ ಹೇಳ್ತಾರೆ ಅಂತ ನಂಗೆ ಹೊಳೀಲೇ ಇಲ್ಲ. ಮನೆಗೆ ಹೋದ ತಕ್ಷಣ ಕೆಟ್ಲು ಇಟ್ಟುಬಿಟ್ಟೆ. ಕೋಟು ಕೂಡ ತೆಗೆದಿರ್ಲಿಲ್ಲ."

ಐನೆಜ್ ನೋಡಿದವಳೇ ತಲೆಯ ಮೇಲೆ ಕೈ ಹೊತ್ತಳು. ಬಣ್ಣ ಕಲಸಿ ಬಳಿಯೋಣವೆಂದರೆ ನಿನ್ನೆಯ ಕಲೆ ಯಾವ ಆಕಾರದಲ್ಲಿತ್ತು ಎಂಬುದಕ್ಕೆ ಒಬ್ಬೊಬ್ಬರು ಒಂದೊಂದು ಹೇಳಿದರು. ಪ್ರೂಯಿಟ್ ಬಂದ. ಇವತ್ತು ಮಾತ್ರ ತುತ್ತೂರಿ ಬಿಟ್ಟು ಬಾಯಲ್ಲೇ ಮಾತಾಡಿದ. ಅದು ಇನ್ನೂ ಕೆಟ್ಟದಾಗಿತ್ತು.

"ನಿಮಗೆ ಇದನ್ನ ಒಗೀರಿ ಅಂತ ಹೇಳಿದ್ದು ಯಾರಮ್ಮಾ?"

"ಯಾರೂ ಹೇಳಲ್ಲ ಸಾರ್," ಎಂದಳು ಒಲೀಟಾ. "ಮದುವೆ ಆದಾಗಿಂದ ಒಂದಿನಾನೂ ಯಾರೂ ಹೇಳಿಲ್ಲ."

ಅವನಿಗೆ ಅದು ತಲೆಗೆ ಹೋಗಲಿಲ್ಲ. "ನೀವು ಕಂಬದ ಹಿಂದೆ ಕೂತ್ಕೊಳ್ಳಿ. ಕಾಣಿಸ್ಬಾರ್ದು. ಆರನೇ ತಾಯಿ, ನೀವು ಬನ್ನಿ, ಕುಣೀತೀರಾ?" ಆರನೆಯವಳು ಗ್ಲೆಂಡೇಲಿನ ದಪ್ಪ ಹೆಂಗಸು. ಮಂಡಿನೋವು ಎಂದು ಗೊಣಗುತ್ತಾ ಎದ್ದಳು.

ಒಲೀಟಾ ಕಂಬದ ಹಿಂದೆ ಹೋಗಿ ಕೂತಳು. ಲೌಡ್‌ಸ್ಪೀಕರಿನಲ್ಲಿ ಹಾಡು ಪರೀಕ್ಷೆ ಮಾಡುತ್ತಿದ್ದರು. ಅವಳ ಕಾಲು ಅಲ್ಲಾಡಲಿಲ್ಲ. ಏನಾದರೂ ಹೇಳೋಣವೆಂದು ಏಳುವಷ್ಟರಲ್ಲಿ ಅವಳೇ ಎದ್ದಳು. ಹಾಲಿನ ನಡುವೆ ನೆಟ್ಟಗೆ ನಡೆದಳು. ಶರಬತ್ತಿನ ಮೇಜಿನ ಹತ್ತಿರ ನಿಂತು, ಸೌಟಿನಿಂದ ಲೋಟ ತುಂಬ ತುಂಬಿಕೊಂಡು, ಎಲ್ಲರೂ ನೋಡುತ್ತಿರುವಂತೆಯೇ, ನಿಧಾನವಾಗಿ ತನ್ನ ಮಡಿಲ ಮೇಲೆ ಸುರಿದುಕೊಂಡಳು. ಗಿಡಕ್ಕೆ ನೀರು ಹಾಕುವ ಹಾಗೆ.

ಅವಳ ಇನ್ನೊಂದು ಕೈ ಒರೆಸಲು ಅರ್ಧ ಹೋಗಿ ನಿಂತಿತು. ಬಟ್ಟೆಯನ್ನು ಬೇಕೆಂದೇ ಹಾಳು ಮಾಡುವುದು ಆ ಕೈಗೆ ಗೊತ್ತಿರಲಿಲ್ಲ.

"ಕಲೆ ಬೇಕಿತ್ತಲ್ಲ ಸಾರ್," ಎಂದಳು. "ತಗೊಳ್ಳಿ, ಕಲೆ."

"ಅದು ಎಡಗಡೆ ಇತ್ತು!" ಎಂದು ಪ್ರೂಯಿಟ್ ಅರಚಿದ. "ಇದು ನಟ್ಟನಡುವೆ!"

ಮೂಲೆಯಿಂದ ನಗು ಕೇಳಿಸಿತು. ಹ್ಯಾಸ್ಕೆಲ್ ಮುದುಕ ಎದ್ದು ಬಂದ. "ಎಡಗಡೆ ಬಲಗಡೆ ಬಿಡಯ್ಯ. ಇದನ್ನೇ ತೆಗಿ. ತೊಳ್ಕೊಂಡು ಶುಭ್ರವಾಗಿ ಬಂದು ಕೂತಿದಾಳೆ. ಚೆಸ್ಟರ್ ಮತ್ತೆ ಲೋಟ ಹಿಡಿದು ಹೆದರ್ತಾ ಹೆದರ್ತಾ ಬರ್ತಾನೆ. ಈಯಮ್ಮ ಎದ್ದು, ಅವನ ಕೈಯಿಂದ ಲೋಟ ಕಿತ್ಕೊಂಡು, ತಾನೇ ಸುರ್ಕೊಂಡು, ಅವನ ಟೈ ಹಿಡಿದು ಎಳ್ಕೊಂಡು ಹೋಗ್ತಾಳೆ. ಕುಣಿಯೋಕೆ."

"ಆದ್ರೆ ಸಾರ್, ಈಗ ಗೌನು ಮತ್ತೆ ಶುಭ್ರ ಆಗ್ಬೇಕಲ್ಲ," ಎಂದ ಪ್ರೂಯಿಟ್, ಅಳುವ ದನಿಯಲ್ಲಿ.

ಒಲೀಟಾ ಆಗಲೇ ತೋಳು ಮಡಚುತ್ತಿದ್ದಳು. "ನೀರು ಕಾಯಿಸೋದು ಎಲ್ಲಿ? ಕೊಡಿ, ಈಗ ತೆಗೆದುಕೊಡ್ತೀನಿ."

"ಮುಟ್ಟಬೇಡ!" ಐನೆಜ್ ಅಡ್ಡ ಬಂದಳು. "ಇಲ್ಲಿ ಬಟ್ಟೆ ಒಗೆಯೋದು ನಮ್ಮ ಯೂನಿಯನ್ನಿನ ಕೆಲಸ. ನೀನು ಸಾಬೂನು ಮುಟ್ಟಿದ್ರೆ ನಾಳೆ ನನ್ನನ್ನ ಕೇಳ್ತಾರೆ. ಕಳಚಿ ಕೊಡು, ಈ ನಿಲುವಂಗಿ ಹಾಕ್ಕೊ, ಅಲ್ಲಿ ಕೂತ್ಕೊ."

ಆ ದೃಶ್ಯ ಯಾವ ಸಿನಿಮಾದಲ್ಲೂ ಇಲ್ಲ, ಇರಬೇಕಿತ್ತು. ಒಲೀಟಾ ಯಾರದ್ದೋ ದೊಡ್ಡ ನಿಲುವಂಗಿಯಲ್ಲಿ ಮುದುಡಿಕೊಂಡು ಸ್ಟೂಲಿನ ಮೇಲೆ ಕೂತಿದ್ದಾಳೆ. ಎದುರಿಗೆ ಇನ್ನೊಬ್ಬ ಹೆಂಗಸು ಸಿಂಕಿನಲ್ಲಿ ಇವಳ ಗೌನು ಒಗೆಯುತ್ತಿದ್ದಾಳೆ.

"ಇನ್ನೂ ಮೇಲಿಂದ ಹುಯ್ಯಬೇಕು," ಎಂದಳು ಒಲೀಟಾ.

"ಗೊತ್ತು."

"ಹೊಲಿಗೆ ಹತ್ರ ಇನ್ನೂ ಸ್ವಲ್ಪ..."

"ಕಾಣ್ತಿದೆ ನಂಗೆ. ಬರ್ನಿ, ನಿನ್ನ ಸ್ನೇಹಿತೆ ಕೈಗೆ ಒಂದು ಕಾಫಿ ಕೊಡಮ್ಮ. ಅವಳ ಕೈ ಖಾಲಿ ಇದ್ರೆ ನನ್ನ ಪ್ರಾಣ ತಿಂತಾಳೆ."

ಕಾಫಿ ತಂದುಕೊಟ್ಟೆ. ಎರಡು ಕೈಯಲ್ಲೂ ಬಟ್ಟಲು ಹಿಡಿದುಕೊಂಡು ಕುಡಿದಳು. ಐನೆಜ್ ಗೌನನ್ನು ಇಸ್ತ್ರಿಮೇಜಿನ ಮೇಲೆ ಹರಡಿದಳು. ಬಿಸಿ ಬಟ್ಟೆಯ ವಾಸನೆ ಬಂತು. ಒಲೀಟಾ ಕಣ್ಣು ಮುಚ್ಚಿಕೊಂಡು ಗೋಡೆಗೆ ತಲೆ ಆನಿಸಿದಳು. "ಬರ್ನಿ, ನನ್ನ ಬಟ್ಟೇನ ಬೇರೆಯವರು ಇಸ್ತ್ರಿ ಮಾಡೋ ಸದ್ದು ಹೀಗಿರುತ್ತಾ?" ಎಂದಳು. "ನಿದ್ದೆ ಬರೋ ಹಾಗಿದೆ."

ಗೌನು ಇನ್ನೊಂದು ಸಲ ಒಗೆಯುವಷ್ಟು ಹೊತ್ತು ಉಳಿದಿರಲಿಲ್ಲ. ಸ್ಟುಡಿಯೊವನ್ನು ಸಂಜೆಗೆ ಬಿಟ್ಟುಕೊಡಬೇಕಿತ್ತು. ಒಂದೇ ಗೌನು, ಒಂದೇ ಸಲ. ತಪ್ಪಿದರೆ ಮಂಡಿನೋವಿನ ತಾಯಿಯೇ ಗತಿ. ಪ್ರೂಯಿಟ್ ಅದನ್ನು ತುತ್ತೂರಿಯಲ್ಲಿ ಕೂಗಿ ಹೇಳಿ ಎಲ್ಲರನ್ನೂ ಹೆದರಿಸಿದ.

ಹಾಡು ಶುರುವಾಯಿತು. ಚೆಸ್ಟರ್ ಲೋಟ ಹಿಡಿದು, ಮೊಟ್ಟೆಗಳ ಮೇಲೆ ನಡೆಯುವವನ ಹಾಗೆ ಬಂದ. ಒಲೀಟಾ ಎದ್ದಳು. ಲೋಟ ಕಿತ್ತುಕೊಂಡಳು. ಸುರಿದುಕೊಂಡಳು. ಈ ಸಲ ಕೈ ಒರೆಸಲು ಹೋಗಲಿಲ್ಲ. ಖಾಲಿ ಲೋಟವನ್ನು ಪಕ್ಕದಲ್ಲಿದ್ದ ನನ್ನ ಕೈಗೆ ಕೊಟ್ಟಳು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಎಲ್ಲೆಂದರಲ್ಲಿ ಲೋಟ ಇಡುವುದು ಅವಳಿಂದಾಗದು. ಟೈ ಹಿಡಿದು ಎಳೆದಳು.

ಆಮೇಲೆ ಕುಣಿದಳು.

ಏನೆಂದು ಹೇಳಲಿ? ಅಡುಗೆಮನೆಯಲ್ಲಿ ಸೊಂಟದ ಕೆಳಗೆ ಮಾತ್ರ ಉಳಿದಿದ್ದದ್ದು ಈಗ ಭುಜಕ್ಕೆ, ಕುತ್ತಿಗೆಗೆ, ಬೆರಳ ತುದಿಗೆ ಬಂತು. ಚೆಸ್ಟರನನ್ನು ಬುಗುರಿಯಂತೆ ತಿರುಗಿಸಿ ಬಿಟ್ಟಳು. ಹುಡುಗ ಹುಡುಗಿಯರು ಹೇಳದೆಯೇ ಜಾಗ ಬಿಟ್ಟು ನಿಂತರು. ವೇದಿಕೆಯ ಮೇಲಿನ ಡ್ರಮ್ಮಿನವನು ರಬ್ಬರನ್ನು ಮರೆತು ಡ್ರಮ್ಮಿನ ಅಂಚಿನ ಮೇಲೆ ನಿಜವಾಗಿ ಹೊಡೆದ. ಕಟ್ ಎಂದು ಯಾರೂ ಕೂಗಲಿಲ್ಲ. ಹಾಡು ಮುಗಿದ ಮೇಲೂ ಅವಳು ಇನ್ನೊಂದು ಸುತ್ತು ತಿರುಗಿ ನಿಂತಳು, ಏದುಸಿರು ಬಿಡುತ್ತಾ, ಕೂದಲು ಬಾಯಿಗೆ ಅಂಟಿಕೊಂಡು, ಗೌನಿನ ತುಂಬ ಕೆಂಪು.

"ಸಿಕ್ತು," ಎಂದ ಹ್ಯಾಸ್ಕೆಲ್.

ಚಿತ್ರ ಬೇಸಿಗೆಯಲ್ಲಿ ಬಂತು. ಕಾರಿನಲ್ಲೇ ಕೂತು ನೋಡುವ ಬಯಲು ಥಿಯೇಟರಿನಲ್ಲಿ ಹಾಕಿದ್ದರು. ಡೆಲ್ಫಾ ಕೂಡ ಹೊರಟರು. "ಥಿಯೇಟರಿಗೆ ಹೋಗೋದು ಪಾಪ. ನಾನು ನಮ್ಮ ಕಾರಲ್ಲಿ ಕೂತಿರ್ತೀನಿ. ಎದುರಿಗೆ ಅವರು ಏನು ಹಾಕ್ತಾರೋ ಅದು ಅವರ ಕರ್ಮ." ಸೊಸೆ ಅಸಹ್ಯ ಪಟ್ಟುಕೊಂಡದ್ದನ್ನು ನೋಡಲೇಬೇಕಿತ್ತು ಅವರಿಗೆ. ಮನೆಯಲ್ಲಿ ಕೊನೆಯ ಹಾಡಿನ ಸುದ್ದಿಯನ್ನು ಒಲೀಟಾ ಎತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಅತ್ತೆ ಮತ್ತು ನನ್ನ ನಡುವೆ ಕೂತಿದ್ದಳು. ನನ್ನ ಕೈಯನ್ನು ಬಟ್ಟೆ ಹಿಂಡುವ ಹಾಗೆ ಹಿಂಡುತ್ತಿದ್ದಳು.

ಗಂಟುಮುಖ ಬಂದಾಗ ಡೆಲ್ಫಾ ತಲೆದೂಗಿದರು. "ತುಟಿ ಚೆನ್ನಾಗಿದೆ. ನಾನೇ ಹೇಳಿಕೊಟ್ಟಿದ್ದು." ಆಮೇಲೆ ಕೊನೆಯ ಹಾಡು ಬಂತು. ಸುತ್ತಲಿನ ಕಾರುಗಳೆಲ್ಲ ಹಾರ್ನು ಹೊಡೆದವು. ಮುಂದಿನ ಸೀಟಿನಲ್ಲಿ ರೀಥಾ ಎಗರಿ ಎಗರಿ ಬಿದ್ದಳು: "ಅಮ್ಮಾ! ಅದು ಅಮ್ಮ! ಅಪ್ಪಾ, ಅಮ್ಮ!"

ವರ್ಲನ್ ಪಾಪ್‌ಕಾರ್ನು ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ಬಿಟ್ಟಿದ್ದ. ಹಾಡು ಮುಗಿದ ಮೇಲೆ ಹಿಂದಕ್ಕೆ ತಿರುಗಿ ಹೆಂಡತಿಯ ಮುಖ ನೋಡಿದ. "ನಿಂಗೆ ಇಷ್ಟು ಕುಣಿಯೋಕೆ ಬರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲವಲ್ಲೇ."

"ನೀನು ಯಾವಾಗ್ಲೂ ಪೇಪರಿನ ಆ ಕಡೆ ಇರ್ತೀಯ," ಎಂದಳು ಒಲೀಟಾ.

ಎಲ್ಲರೂ ಡೆಲ್ಫಾ ಬಾಯಿ ಬಿಡುವುದನ್ನೇ ಕಾದೆವು.

"ಒಳ್ಳೇ ಬಟ್ಟೆ ಮೇಲೆ ಶರಬತ್ತು ಸುರ್ಕೊಂಡ್ಯಲ್ಲೇ," ಎಂದರು ಕೊನೆಗೆ. "ಅದಕ್ಕೆ ದೇವರು ನಿನ್ನ ಕ್ಷಮಿಸ್ಬೇಕು." ಕುಣಿತದ ವಿಷಯ ಎತ್ತಲಿಲ್ಲ. ಇವತ್ತಿನವರೆಗೂ ಎತ್ತಿಲ್ಲ.

ಅದಾದ ವಾರದ ಶನಿವಾರ ಸಂಜೆ, ಯೂನಿಯನ್ ಹಾಲಿನಲ್ಲಿ ಡಾನ್ಸಿದೆ ಎಂದು ಒಲೀಟಾ ತಾನಾಗಿ ನನಗೆ ಹೇಳಿದಳು. ಅದಕ್ಕೆ ಮೊದಲೆಲ್ಲ ಹೋಗೋಣ ಬಾ ಎಂದು ಕರೆಯುತ್ತಿದ್ದವಳು ನಾನು. ಊಟ ಆಗಿತ್ತು, ತಟ್ಟೆಗಳು ಮೇಜಿನ ಮೇಲೇ ಇದ್ದವು. ಬೀನ್ಸಿನ ಪಾತ್ರೆ ತಳ ಹಿಡಿದಿತ್ತು. ಅವಳು ತುಟಿಗೆ ಬಣ್ಣ ಹಚ್ಚಿಕೊಂಡು ಬಾಗಿಲಿಗೆ ಬಂದಳು.

ವರ್ಲನ್ ಪೇಪರು ಇಳಿಸಿದ. ಮೇಜು ನೋಡಿದ, ಹೆಂಡತಿಯನ್ನು ನೋಡಿದ. "ಈ ಪಾತ್ರೆಗಳು?"

ಒಲೀಟಾಳ ಬೆರಳುಗಳು ತಟ್ಟೆಗಳ ಕಡೆ ಎಳೆಯುತ್ತಿದ್ದುದು ನನಗೆ ಕಂಡಿತು. ಎರಡು ಕೈಯನ್ನೂ ಕೋಟಿನ ಜೇಬಿಗೆ ತುರುಕಿಕೊಂಡಳು.

"ನಲ್ಲೀಲಿ ಬಿಸಿನೀರು ಬರ್ತಿದೆ ವರ್ಲನ್," ಎಂದಳು. "ಸಾಬೂನು ಸಿಂಕಿನ ಕೆಳಗಿದೆ."

ನಾನು ಕಾರು ಶುರು ಮಾಡಿದೆ.